ಪರ್ತ್‌ನ ಐರಿಶ್ ಪಕ್ಕದ್ಮನೆಯವ್ರು

ಮಾನ್ಯ ಸಂಪಾದಕರೇ,

ವಲಸೆ ಹೋದವ್ರ ಬಗ್ಗೆ ಪೇಪರಲ್ಲಿ ಬರೋದು ಬರೀ ಸಂಬಳ, ವೀಸಾ ಸುದ್ದಿ, ಅಲ್ಲಿನ ಜನರ ಜೊತೆ ಹೇಗೆ ಬೆರೀತಾರೆ ಅಂತ ಯಾರೂ ಬರೆಯಲ್ಲ. ನಾನಿರೋದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಪಕ್ಕದ್ಮನೆಯವ್ರು ಐರ್ಲೆಂಡಿನ ಮೇಯೋ ಕಡೆಯವ್ರು, 2008ರಲ್ಲಿ ಅಲ್ಲಿ ಬ್ಯಾಂಕು, ಬಿಲ್ಡಿಂಗ್ ಕೆಲಸ ಎಲ್ಲ ನೆಲಕಚ್ಚಿದ್ಮೇಲೆ ಸಾವಿರಾರು ಜನ ಈ ಕಡೆ ಬಂದ್ರಲ್ಲ, ಅವ್ರಲ್ಲೊಬ್ರು. ಅವ್ರೂರಲ್ಲಿ ಯಾರಾದ್ರೂ ತೀರ್ಕೊಂಡ್ರೆ ಊರೋರೆಲ್ಲ ಬಂದು ಹೆಣದ ಹತ್ರ ರಾತ್ರಿಯೆಲ್ಲ ಕೂರ್ತಾರಂತೆ, ಟೀ, ಸ್ಯಾಂಡ್‌ವಿಚ್ಚು ಅಕ್ಕಪಕ್ಕದವ್ರದ್ದೇ. ಇಲ್ಲಿ ಬಾರ್ಬೆಕ್ಯೂಗೆ ಕರೆದವ್ರು ನಿಮ್ಮ ಮಾಂಸ, ನಿಮ್ಮ ಬಿಯರ್ ನೀವೇ ತನ್ನಿ ಅಂದಾಗ ಕರೆದೋರು ಊಟ ಹಾಕಲ್ವಾ ಅಂತ ಬೆಪ್ಪಾಗಿದ್ರಂತೆ (ನಂಗೂ ಹಂಗೇ ಆಗಿತ್ತು ಬಿಡಿ). ಆದ್ರೆ ಭಾನುವಾರ ಬೀಚಲ್ಲಿ ಹಳದಿ ಕೆಂಪು ಟೋಪಿ ಹಾಕ್ಕೊಂಡು ಕಾಸು ತಗೊಳ್ದೆ ಈಜೋರಿಗೆ ಕಾವಲು ನಿಲ್ಲೋರನ್ನ ನೋಡಿ, ಇವ್ರೂ ಜನಾನೇ ಕಣಯ್ಯ ಅಂತ ಮಗಳನ್ನೂ ಅದಕ್ಕೇ ಸೇರಿಸಿದ್ದಾರೆ.

ನಂಗೆ ಹೊಟ್ಟೆಕಿಚ್ಚಾಗೋದು ಅವ್ರ ಗೇಲಿಕ್ ಫುಟ್‌ಬಾಲ್ (ಕೈಯಲ್ಲೂ ಕಾಲಲ್ಲೂ ಆಡೋ ಐರಿಶ್ ಆಟ) ಕ್ಲಬ್ ನೋಡಿ. ಡಬ್ಲಿನ್ನಿಂದ ಹುಡುಗ ಬಂದಿಳಿದ ವಾರದಲ್ಲೇ ರೂಮು, ಕೆಲಸ ಎಲ್ಲ ಪ್ರಾಕ್ಟೀಸ್ ಮೈದಾನದಲ್ಲೇ ಸೆಟ್ ಆಗುತ್ತೆ. ನಮ್ಮ ಕನ್ನಡ ಸಂಘದವ್ರು ಯುಗಾದಿ, ರಾಜ್ಯೋತ್ಸವದ ಊಟ ಆದ್ಮೇಲೆ ಸಿಗೋದು ವಾಟ್ಸಾಪಲ್ಲೇ. ವಾರಕ್ಕೊಂದಿನ ಕಬಡ್ಡಿನೋ ಕ್ರಿಕೆಟ್ಟೋ ಶುರು ಮಾಡ್ರಪ್ಪ, ನಾನಂತೂ ಬರ್ತೀನಿ.

ಇಂತಿ,
ಪರ್ತ್‌ನಿಂದ ಒಬ್ಬ ಓದುಗ