ಪಿಗ್ಮಿ ಕಾರ್ಡು ವಾಪಸ್ ಬರುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ರಾಯಚೂರು

ನಮ್ಮ ಸಂಘದ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಬರುವ ತಿಂಗಳ ಮೊದಲ ಸೋಮವಾರದಿಂದ ನಿಮ್ಮ ಪಿಗ್ಮಿ ಖಾತೆಗೆ, ಅಂದರೆ ದಿನಾ ಮನೆಬಾಗಿಲಲ್ಲೇ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯದ ಖಾತೆಗೆ, ಹಳೆಯ ರಟ್ಟಿನ ಕಾರ್ಡು ಮತ್ತೆ ಸಿಗುತ್ತದೆ. ನಮ್ಮ ಹುಡುಗರು ಹಣ ತೆಗೆದುಕೊಂಡು ಕೈಮೆಷಿನ್ ಒತ್ತುವುದು ಇದ್ದೇ ಇರುತ್ತದೆ. ಅದಾದ ಮೇಲೆ ಕಾರ್ಡಿನಲ್ಲಿ ಆ ದಿನದ ಖಾನೆಯಲ್ಲಿ ಮೊತ್ತ ಬರೆದು, ಪೆನ್ನಿನಲ್ಲಿ ಸಹಿ ಹಾಕಿ ಕೊಡುತ್ತಾರೆ. ಹಣ ತೆಗೆಯಲು ಬಂದಾಗ ಓಟಿಪಿ ಕಡ್ಡಾಯವಲ್ಲ. ಹಣ ಜಮಾ ಆದ ಮೆಸೇಜು ಬೇಕೋ ಬೇಡವೋ ಅನ್ನುವುದನ್ನು ಖಾತೆ ಯಾರದೋ ಅವರೇ ಹೇಳಬೇಕು. ಅವರ ಮಕ್ಕಳು ಹೇಳಿದರೆ ಆಗದು.

ಒಂದೂವರೆ ವರ್ಷದ ಹಿಂದೆ ಕಾರ್ಡು ನಿಲ್ಲಿಸಿದವರೂ ನಾವೇ. 'ಇನ್ನು ಎಲ್ಲಾ ಮೊಬೈಲಲ್ಲೇ, ಸುಲಭ' ಅಂತ ಬಾಗಿಲಿಗೆ ನೋಟೀಸು ಅಂಟಿಸಿದ್ದೆವು. ಸುಲಭ ಆಗಿದ್ದು ನಮಗೆ.

ಈ ಬೇಸಿಗೆಯಲ್ಲಿ ಉಸ್ಮಾನಿಯಾ ಮಾರ್ಕೆಟ್‌ನಲ್ಲಿ ಪಲ್ಲೆ ಮಾರುವ ಒಬ್ಬ ಅಮ್ಮ ಕೌಂಟರಿಗೆ ಬಂದರು. ಸೊಂಟದ ಸಂಚಿ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅವುಗಳ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿದ, ನಮ್ಮ ಕೈಮೆಷಿನ್ನಿನ ಸ್ಲಿಪ್ಪಿನ ಕಟ್ಟು. ದಿನಕ್ಕೆ ₹50ರಂತೆ ಎಂಟು ತಿಂಗಳು ಕಟ್ಟಿದ್ದಾರೆ, ಒಂದು ಸ್ಲಿಪ್ಪೂ ಕಳೆದಿಲ್ಲ. ಬಿಡಿಸಿ ನೋಡಿದರೆ ಮೇಲಿನ ಹತ್ತಿಪ್ಪತ್ತು ಬಿಟ್ಟು ಉಳಿದದ್ದೆಲ್ಲ ಬಿಳಿ ಕಾಗದ. 'ಇದ್ರಾಗ ಏನೂ ಇಲ್ಲಲ್ಲಪಾ, ನಾ ಕಟ್ಟಿದ್ದು ಎಲ್ಲಿ ಹೋತು?' ಅಂದರು. ಕಂಪ್ಯೂಟರಿನಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಸ್ಕ್ರೀನು ಅವರ ಕಡೆ ತಿರುಗಿಸಿ ತೋರಿಸಿದೆ. ಅವರು ಸ್ಕ್ರೀನು ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದರು.

ಆ ಸ್ಲಿಪ್ಪಿನಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಒಂದು ಲೇಪ ಹಚ್ಚಿರುತ್ತಾರೆ. ಮೆಷಿನ್ನು ಬಿಸಿ ತಾಗಿಸಿದ ಕಡೆ ಅದು ಕಪ್ಪಾಗುತ್ತದೆ, ಅಕ್ಷರ ಮೂಡುವುದು ಹಾಗೆ. ಬಿಸಿಲು, ಬೆವರು, ಎಣ್ಣೆ ಕೈ ತಾಗಿದರೆ ಮಾಸಿಹೋಗುತ್ತದೆ. ಥರ್ಮಲ್ ಪೇಪರ್ ಅಂತ ಅದರ ಹೆಸರು. ಥರ್ಮಲ್ ಅಂದರೆ ನಮ್ಮ ಜನಕ್ಕೆ ಗೊತ್ತಿರುವುದು ಶಕ್ತಿನಗರದ ಕರೆಂಟು ಸ್ಥಾವರ ಒಂದೇ! 40 ಡಿಗ್ರಿ ದಾಟುವ ಊರಿನಲ್ಲಿ, ಶಾಖಕ್ಕೆ ಹೆದರುವ ಕಾಗದ ಕೊಟ್ಟು 'ಜೋಪಾನ ಮಾಡಿರಿ' ಅಂದಿದ್ದೆವು.

ಸ್ಲಿಪ್ಪು ಹೋದರೆ ಹೋಗಲಿ, ಮೆಸೇಜು ಇದೆಯಲ್ಲ ಅಂತ ನಾವು ಅಂದುಕೊಂಡಿದ್ದೆವು. ಹೋಗಿ ಖಾತೆಗಳನ್ನು ತೆಗೆದು ನೋಡಿದರೆ, ವಯಸ್ಸಾದವರು ಕೊಟ್ಟ ನಂಬರುಗಳಲ್ಲಿ ಹೆಚ್ಚಿನವು ಅವರವಲ್ಲ. ಮಗನದು, ಅಳಿಯನದು, ಹೈದರಾಬಾದಿನಲ್ಲಿ ಕೆಲಸಕ್ಕಿರುವ ಮೊಮ್ಮಗನದು. ಅಜ್ಜಿ ಇಲ್ಲಿ ₹50 ಕಟ್ಟಿದರೆ ಅಲ್ಲಿ ಮೊಮ್ಮಗನ ಜೇಬು ಟಿಣ್ ಅನ್ನುತ್ತಿತ್ತು.

ಇದರಿಂದ ಒಂದು ಮನೆಯಲ್ಲಿ ಆದದ್ದನ್ನು ಹೇಳಲೇಬೇಕು. ಹೆಸರು ಬೇಡ, ಓಣಿಯೂ ಬೇಡ. ಒಬ್ಬ ತಾಯಿ ನಾಲ್ಕು ವರ್ಷದಿಂದ ಕೂಡಿಡುತ್ತಿದ್ದರು. ಕಾರ್ಡು ಅಕ್ಕಿ ಡಬ್ಬಿಯಲ್ಲಿ ಇರುತ್ತಿತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವು ಕಾರ್ಡು ನಿಲ್ಲಿಸಿ ಮೆಸೇಜು ಶುರು ಮಾಡಿದ ವಾರವೇ ಮಗನಿಗೆ ಒಟ್ಟು ಮೊತ್ತದ ಸಮೇತ ಗೊತ್ತಾಯಿತು. ಬೈಕಿನ ಕಂತು ಬಾಕಿ ಇತ್ತು, ಕೇಳಿದ. ಕೊಟ್ಟರು. ಮಗ ಕೆಟ್ಟವನಲ್ಲ. ಆದರೆ ತನ್ನದು ಅಂತ ಒಂದು ಗಂಟು ಇದೆ, ಅದು ಯಾರಿಗೂ ಗೊತ್ತಿಲ್ಲ ಅನ್ನುವುದೇ ಆ ತಾಯಿಗೆ ಧೈರ್ಯವಾಗಿತ್ತು. ಅದನ್ನು ಕಳೆದವರು ನಾವು. ಆಮೇಲೆ ಅವರು ಪಿಗ್ಮಿ ಕಟ್ಟುವುದನ್ನೇ ಬಿಟ್ಟರು.

ಮೆಸೇಜು ಇಂಗ್ಲಿಷಿನಲ್ಲಿ ಯಾಕೆ ಅಂತ ಎಷ್ಟೋ ಜನ ಕೇಳಿದ್ದೀರಿ. ಅದಕ್ಕೆ ಕಾರಣ ಖರ್ಚು. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡವಾದರೆ 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ಏತ್ವ ಎಲ್ಲ ಬೇರೆ ಬೇರೆ ಲೆಕ್ಕ. 'ರೊಕ್ಕ' ಅನ್ನುವುದು ನಮ್ಮ ಕಣ್ಣಿಗೆ ಎರಡೇ ಅಕ್ಷರ, ಫೋನಿನ ಲೆಕ್ಕದಲ್ಲಿ ಐದು. ಇಂಗ್ಲಿಷಿನ ಉದ್ದ ಮೆಸೇಜನ್ನು ಹಾಗೇ ಕನ್ನಡಕ್ಕೆ ತಿರುಗಿಸಿದರೆ ಮೂರು ಎಸ್ಎಂಎಸ್ ದುಡ್ಡು ಬೀಳುತ್ತಿತ್ತು. ಈಗ 'ಮಾನ್ಯ ಸದಸ್ಯರೇ' ಮೊದಲಾದ ಉಪಚಾರವನ್ನೆಲ್ಲ ಕಿತ್ತುಹಾಕಿದ್ದೇವೆ. 'ಇಂದು ₹50 ಜಮಾ. ಒಟ್ಟು ₹4,250' ಅಂತ ಇಷ್ಟೇ ಬರುತ್ತದೆ. ಇಷ್ಟು ಮೊದಲೇ ಹೊಳೆಯಬಾರದಿತ್ತೇ ಅಂದರೆ, ಹೊಳೆಯಲಿಲ್ಲ. ಮೆಸೇಜಿನ ಮಾದರಿಯನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು, ಆದ್ದರಿಂದ ಕಾರ್ಡಿಗಿಂತ ಸ್ವಲ್ಪ ತಡವಾಗಬಹುದು. ಕೆಲವು ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಬದಲು ಚೌಕ ಚೌಕ ಕಾಣಿಸುತ್ತದೆ. ಅಂಥವರು ಹೇಳಿ, ಮೆಸೇಜು ನಿಲ್ಲಿಸುತ್ತೇವೆ. ಕಾರ್ಡು ಇದ್ದೇ ಇರುತ್ತದಲ್ಲ.

ಓಟಿಪಿ ವಿಷಯವೂ ಅಷ್ಟೇ. ಕಣ್ಣಿನ ಆಪರೇಷನ್ನಿಗೆ ಹಣ ತೆಗೆಯಲು ಬಂದ ಒಬ್ಬ ಯಜಮಾನರು ಕೌಂಟರಿನ ಮುಂದೆ ಎರಡು ಗಂಟೆ ಕೂತರು. ಓಟಿಪಿ ಹೋಗಿದ್ದು ಮಗನಿಗೆ, ಮಗ ಡ್ಯೂಟಿಯಲ್ಲಿ, ಫೋನ್ ಲಾಕರಿನಲ್ಲಿ. ಅವರದೇ ಹಣ, ಅವರೇ ಎದುರಿಗೆ ಕೂತಿದ್ದಾರೆ, ಮೂವತ್ತು ವರ್ಷದಿಂದ ನಮಗೆ ಮುಖ ಗೊತ್ತು. ಆದರೂ ಕಂಪ್ಯೂಟರು ಒಪ್ಪಲಿಲ್ಲ. ಅವರು ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದವರು, ಈಗಲೂ ಉರ್ದುವಿನಲ್ಲೇ ಸಹಿ ಮಾಡುತ್ತಾರೆ. 1948ಕ್ಕೂ ಮುಂಚೆ ಕಲಿತ ಅಕ್ಷರ, ಕೈ ನಡುಗಿದರೂ ಮರೆತಿಲ್ಲ. ಇನ್ನು ಮುಂದೆ ಆ ಸಹಿಯೇ ಸಾಕು. ಸಹಿ ಬರದವರಿಗೆ ಹೆಬ್ಬೆಟ್ಟು, ಜೊತೆಗೆ ನಮ್ಮಲ್ಲಿರುವ ಫೋಟೋ.

ಹಾಗಂತ ಮೆಷಿನ್ನು ಮೂಲೆಗೆ ಹಾಕುತ್ತಿಲ್ಲ. ಹಣ ಕೊಟ್ಟ ಗಳಿಗೆಗೇ ಲೆಕ್ಕ ಆಫೀಸಿಗೆ ಬರುತ್ತದೆ. ಬರೀ ಕಾರ್ಡಿದ್ದ ಕಾಲದಲ್ಲಿ ಬರೆದದ್ದು ಇವತ್ತು, ಆಫೀಸಿಗೆ ಕಟ್ಟಿದ್ದು ನಾಲ್ಕು ದಿನ ಬಿಟ್ಟು ಅನ್ನುವುದೂ ನಡೆದಿದೆ. 1928ರಲ್ಲಿ ಉಡುಪಿಯ ಬ್ಯಾಂಕೊಂದು ಎರಡಾಣೆಯಿಂದ ಈ ಪಿಗ್ಮಿ ಶುರು ಮಾಡಿದಾಗಿನಿಂದಲೂ ಇದು ನಡೆದಿರುವುದು ಮನೆಬಾಗಿಲಿಗೆ ಬರುವ ಮನುಷ್ಯನ ಮೇಲೆ. ಎರಡು ಕಡೆ ಬರೆಯಬೇಕು ಅಂದಾಗ ನಮ್ಮ ಹುಡುಗರು ಗೊಣಗಿದ್ದು ನಿಜ. ತೀನ್ ಕಂದೀಲ್‌ನಿಂದ ಗಂಜ್‌ವರೆಗಿನ ಲೈನಿಗೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ. ಅವಸರ ಮಾಡಬೇಡಿ, ಒಂದು ಲೋಟ ನೀರು ಕೊಡಿ.

ಹಿರಿಯರಿಗೆ ಫೋನ್ ಬರುವುದಿಲ್ಲ ಅಂತ ಸುಮ್ನೆ ಹೇಳುವವರಿಗೆ ಒಂದು ಮಾತು. ನನ್ನ ಅವ್ವನಿಗೆ ಓದು ಬರಹ ಇಲ್ಲ. ಮೊಮ್ಮಗಳು ಪ್ರತಿ ನಂಬರಿಗೂ ಫೋಟೋ ಹಾಕಿಕೊಟ್ಟಿದ್ದಾಳೆ, ಅವ್ವ ಮುಖ ನೋಡಿ ಒತ್ತುತ್ತಾಳೆ. ಹಾಲಿನವನಿಗೆ ಎಮ್ಮೆ ಫೋಟೋ, ಅವನಿಗೆ ಹೇಳಿಲ್ಲ. ನೀವೂ ಮನೆಯಲ್ಲಿ ಹೀಗೆ ಮಾಡಿ, ನಮ್ಮ ಆಫೀಸಿನ ನಂಬರಿಗೆ ನಿಮ್ಮ ಪಿಗ್ಮಿ ಹುಡುಗನ ಫೋಟೋ ಹಾಕಿಕೊಡಿ. ಸಂಜೆ 4ರಿಂದ 5ರವರೆಗೆ ಆ ಫೋನನ್ನು ಒಬ್ಬರು ಬೇರೆ ಕೆಲಸ ಬಿಟ್ಟು ಎತ್ತುತ್ತಾರೆ. ಒಂದು ಒತ್ತಿ ಎರಡು ಒತ್ತಿ ಅನ್ನುವುದಿಲ್ಲ. ಗೃಹಲಕ್ಷ್ಮಿಯ ₹2,000 ಬಂತಾ ಅಂತ ಮೆಸೇಜು ಓದಿಸಲು ಬರುವವರೂ ಇದ್ದಾರೆ. ಅದು ನಮ್ಮಲ್ಲಿನ ಖಾತೆಯಲ್ಲ, ಆದರೂ ಓದಿ ಹೇಳುತ್ತೇವೆ, ಬನ್ನಿ.

ನಾವು ಯಾರೂ ಫೋನ್ ಮಾಡಿ ಓಟಿಪಿ ಕೇಳುವುದಿಲ್ಲ. ಯುಪಿಐ ಪಿನ್ ಇರುವುದು ಹಣ ಕಳಿಸಲು, ಬರುವ ಹಣಕ್ಕೆ ಪಿನ್ ಒತ್ತುವ ಮಾತೇ ಇಲ್ಲ. ಡಿಜಿಟಲ್ ಅರೆಸ್ಟ್ ಅಂತ ಯಾವ ಕಾನೂನಿನಲ್ಲೂ ಇಲ್ಲ, ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಬಂದರೆ ಕಟ್ ಮಾಡಿ. ಹಣ ಹೋಗಿಬಿಟ್ಟರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಕ್ಕಳು ಬೈಯುತ್ತಾರೆ ಅಂತ ಹೆದರಿದರೆ ಮೊದಲು ನಮಗೆ ಹೇಳಿ, ನಾವೇ ಹಚ್ಚಿಕೊಡುತ್ತೇವೆ.

ಈ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಕೊಡುತ್ತಿದ್ದೇವೆ. ವಾಟ್ಸಾಪಿನಲ್ಲಿ ಬಂದಿರುವುದು ಮಕ್ಕಳಿಗಾಗಿ. ಮಕ್ಕಳೇ, ಓದಿ ಹೇಳಿ, ಆದರೆ ಅವ್ವನ ಖಾತೆಯಲ್ಲಿ ಎಷ್ಟಿದೆ ಅಂತ ಕೇಳಬೇಡಿ.

ಹಳೆಯ ಸ್ಲಿಪ್ಪುಗಳನ್ನು ಯಾರೂ ಎಸೆಯಬೇಡಿ. ಬಿಳಿಯಾಗಿದ್ದರೂ ತನ್ನಿ. ನಿಮ್ಮ ಮುಂದೆಯೇ ಲೆಡ್ಜರಿನಿಂದ ತಿಂಗಳು ತಿಂಗಳ ಮೊತ್ತ ಓದಿ, ಹೊಸ ಕಾರ್ಡಿನ ಮೊದಲ ಪುಟದಲ್ಲಿ ಬರೆದುಕೊಡುತ್ತೇವೆ. ಪೆನ್ನಿನಲ್ಲಿ.

ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ