ಸೆನ್ಸರ್ ಜೊತೆಗೆ ಶಿಕ್ಷಕರಿಗೆ ಸಮಯವನ್ನೂ ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಶಿಕ್ಷಕಿ. ಶಾಲೆಗಳಿಗೆ ಸೆನ್ಸರ್ ಕಿಟ್, ಅಂದರೆ ದೂರ, ತಾಪಮಾನದಂಥವನ್ನು ಅಳೆದು ಕಂಪ್ಯೂಟರಿನಲ್ಲಿ ತೋರಿಸುವ ಉಪಕರಣಗಳನ್ನು, ಕೊಡಿಸುವ ಯೋಜನೆ ಬಗ್ಗೆ ನಿಮ್ಮ ಹತ್ತಿರ ಒಂದು ಕೋರಿಕೆ ಇದೆ. ಕಿಟ್‌ಗೆ ಹಣ ಇಡುವಾಗಲೇ ಅದನ್ನು ಬಳಸಬೇಕಾದ ಶಿಕ್ಷಕರ ಸಮಯಕ್ಕೂ ಹಣ ಇಡಿ. ಒಂದು ದಿನದ ತರಬೇತಿ ಸಾಲದು. ಮೊದಲ ವರ್ಷ ಪೂರ್ತಿ ನಮ್ಮ ಜೊತೆಗೆ ಯಾರಾದರೂ ಇರಬೇಕು.

ಈ ಉಪಕರಣಗಳ ಮೇಲೆ ನನಗೆ ತುಂಬಾ ನಂಬಿಕೆ ಇದೆ. ಯಾಕೆ ಅಂತ ಹೇಳುತ್ತೇನೆ. ದೂರ ಅಳೆಯುವ ಸೆನ್ಸರನ್ನು ಮೇಜಿನ ಮೇಲಿಟ್ಟು ಕಂಪ್ಯೂಟರಿಗೆ ಜೋಡಿಸುತ್ತೇವೆ. ಅದು ಕಿವಿಗೆ ಕೇಳಿಸದ ಶಬ್ದವನ್ನು ಕಳಿಸುತ್ತದೆ. ಆ ಶಬ್ದ ಎದುರಿಗಿದ್ದವರಿಗೆ ತಾಗಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ದೂರವನ್ನು ಲೆಕ್ಕ ಹಾಕುತ್ತದೆ. ಈಗ ಪರದೆ ಮೇಲೆ ದೂರ ಮತ್ತು ಸಮಯದ ಒಂದು ಗ್ರಾಫ್ ತೋರಿಸಿ, 'ಇದೇ ಥರ ಗೆರೆ ಬರೋ ಹಾಗೆ ನಡಿ ನೋಡೋಣ' ಅಂತ ಒಬ್ಬ ಹುಡುಗಿಗೆ ಹೇಳಿ. ಮೊದಲು ಏರುವ ಗೆರೆ, ಆಮೇಲೆ ಅಡ್ಡಗೆರೆ, ಕೊನೆಗೆ ಇಳಿಯುವ ಗೆರೆ. ಏರುವ ಗೆರೆಗೆ ಅವಳು ಹಿಂದಕ್ಕೆ ಹೆಜ್ಜೆ ಇಡುತ್ತಾಳೆ, ಸರಿಯಾಗುತ್ತದೆ. ಅಡ್ಡಗೆರೆ ಬಂದಾಗ ಪಕ್ಕಕ್ಕೆ ನಡೆದುಬಿಡುತ್ತಾಳೆ! ಗ್ರಾಫ್ ಅಂದರೆ ನಡೆದ ದಾರಿಯ ಚಿತ್ರ ಅನ್ನುವ ತಿಳಿವಳಿಕೆ ಮಕ್ಕಳಲ್ಲಿ ಅಷ್ಟು ಗಟ್ಟಿಯಾಗಿರುತ್ತದೆ. ಅವಳು ಸೆನ್ಸರಿನ ಎದುರಿನಿಂದ ಸರಿದ ಕೂಡಲೇ ಗೆರೆ ಛಂಗನೆ ಮೇಲಕ್ಕೆ ಹಾರುತ್ತದೆ, ಯಾಕೆಂದರೆ ಸೆನ್ಸರ್ ಈಗ ಹಿಂದಿನ ಗೋಡೆಯನ್ನು ನೋಡುತ್ತಿದೆ. ಅವಳು ಗಾಬರಿಯಿಂದ ವಾಪಸ್ ಬಂದು ನಿಲ್ಲುತ್ತಾಳೆ. ಗೆರೆ ಮಟ್ಟಸವಾಗುತ್ತದೆ. 'ಓ, ಸುಮ್ನೆ ನಿಲ್ಬೇಕಾ!' ಅನ್ನುತ್ತಾಳೆ. ಬೋರ್ಡಿನ ಮೇಲೆ ನಾನು ಎಷ್ಟು ಸಲ ಬರೆದು ತೋರಿಸಿದರೂ ಬಾರದ ಅರ್ಥ ಅದು.

ಗ್ರಾಫ್ ಆ ಕ್ಷಣವೇ ಮೂಡಬೇಕು ಅನ್ನುವುದು ಬರೀ ನನ್ನ ಅನಿಸಿಕೆಯಲ್ಲ. ಸಂಶೋಧಕಿ ಹೆದರ್ ಬ್ರಾಸೆಲ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಗ್ರಾಫ್ ಅರ್ಧ ನಿಮಿಷಕ್ಕಿಂತ ಕಡಿಮೆ ಹೊತ್ತು ತಡವಾದರೂ ಕಲಿಕೆಯ ಲಾಭ ಬಹುಮಟ್ಟಿಗೆ ಕೈತಪ್ಪುತ್ತದೆ ಅಂತ ಅದರಲ್ಲಿ ಕಂಡುಬಂತು.

ಆದರೆ ಇದೇ ಪಾಠ ಕೈಕೊಡುವುದೂ ಅಷ್ಟೇ ಸುಲಭ. ಪಕ್ಕದಲ್ಲೊಂದು ಕುರ್ಚಿ ಇದ್ದರೆ ಸೆನ್ಸರ್ ಅದನ್ನೇ ಹಿಡಿದುಕೊಳ್ಳುತ್ತದೆ. ಮಗು ತೀರಾ ಹತ್ತಿರ ಬಂದರೆ ಅಳತೆ ತಪ್ಪುತ್ತದೆ. ದಪ್ಪ ಸ್ವೆಟರ್ ಹಾಕಿದ್ದರೆ ಶಬ್ದ ಸರಿಯಾಗಿ ವಾಪಸ್ ಬರುವುದಿಲ್ಲ, ಗೆರೆ ಹಲ್ಲುಹಲ್ಲಾಗುತ್ತದೆ. ಇದೆಲ್ಲ ಗೊತ್ತಿದ್ದವರು ಮಗುವಿನ ಕೈಗೆ ಒಂದು ರಟ್ಟು ಕೊಟ್ಟು ಎದೆಗೆ ಹಿಡಿದುಕೋ ಅನ್ನುತ್ತಾರೆ, ಪಾಠ ಮುಂದೆ ಹೋಗುತ್ತದೆ. ಗೊತ್ತಿಲ್ಲದವರು ಮಷಿನ್ ಕೆಟ್ಟಿದೆ ಅಂದುಕೊಂಡು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಅದು ಅವರ ತಪ್ಪಲ್ಲ. ತರಬೇತಿ ದಿನ ಎಲ್ಲವನ್ನೂ ಮೊದಲೇ ಜೋಡಿಸಿಟ್ಟು ತೋರಿಸಿರುತ್ತಾರೆ, ಅಲ್ಲಿ ಏನೂ ಕೆಡುವುದಿಲ್ಲ. ಕೆಡುವುದು ತರಗತಿಯಲ್ಲಿ, ಮಕ್ಕಳೆಲ್ಲ ಎದುರಿಗೆ ಕೂತಿರುವಾಗ. ದ್ರವ ಎಷ್ಟು ಆಮ್ಲೀಯ ಅಂತ ಅಳೆಯುವ ಪಿಎಚ್ ಪ್ರೋಬ್‌ನ (ದ್ರವದಲ್ಲಿ ಅದ್ದುವ ಸೆನ್ಸರ್ ಕಡ್ಡಿಯ) ತುದಿ ಒಣಗಬಾರದು, ದ್ರಾವಣದಲ್ಲೇ ಇಡಬೇಕು. ಇಷ್ಟನ್ನು ಹೇಳಿಕೊಡುವವರಿಲ್ಲದೆ ದೊಡ್ಡ ರಜೆ ಮುಗಿಯುವಷ್ಟರಲ್ಲಿ ಹಾಳಾಗುವ ಪ್ರೋಬ್‌ಗಳಿವೆ.

ಗಣಿತದವರನ್ನು ಈ ಯೋಜನೆಗಳಲ್ಲಿ ಹೆಚ್ಚಾಗಿ ಮರೆಯುತ್ತಾರೆ, ಅದು ನನಗೆ ಬೇಸರ. ಬಿಸಿನೀರಿನಲ್ಲಿ ತಾಪಮಾನದ ಪ್ರೋಬ್ ಇಟ್ಟು ಆರಲು ಬಿಡಿ. 80 ಡಿಗ್ರಿಯಿಂದ 70ಕ್ಕೆ ಬೇಗ ಇಳಿಯುತ್ತದೆ, 50ರಿಂದ 40ಕ್ಕೆ ಇಳಿಯಲು ಜಾಸ್ತಿ ಹೊತ್ತು ಬೇಕು. ಯಾಕೆ? ಸುತ್ತಲಿನ ಗಾಳಿಗೂ ನೀರಿಗೂ ಇರುವ ವ್ಯತ್ಯಾಸ ಕಡಿಮೆಯಾದಷ್ಟೂ ಆರುವ ವೇಗವೂ ಕಡಿಮೆ. ವಿಜ್ಞಾನದಲ್ಲಿ ಇದು ಬಿಸಿ ವಸ್ತು ಆರುವುದರ ಬಗ್ಗೆ ಇರುವ ನ್ಯೂಟನ್ ನಿಯಮ, ಗಣಿತದಲ್ಲಿ ಘಾತೀಯ ಇಳಿಕೆ. ಹತ್ತು ಸೆಕೆಂಡಿಗೊಂದು ಅಳತೆ ಸಾಕಾ, ಪುಟಿಯುವ ಚೆಂಡಿಗಾದರೆ ಸೆಕೆಂಡಿಗೆ ಎಷ್ಟು ಬೇಕು ಅನ್ನುವುದೂ ಗಣಿತದ ಪ್ರಶ್ನೆಯೇ, ಅಲ್ವಾ? ಒಂದೇ ಡೇಟಾ ಇಬ್ಬರ ಪೀರಿಯಡ್‌ಗೂ ಆಗುತ್ತದೆ. ಆದರೆ ಇಬ್ಬರೂ ಕೂತು ಮಾತಾಡಲು ಒಂದೇ ಹೊತ್ತಿನಲ್ಲಿ ಬಿಡುವಿನ ಪೀರಿಯಡ್ ಇರಬೇಕು. ವೇಳಾಪಟ್ಟಿಯಲ್ಲಿ ಅದು ಸಿಗುವ ಹಾಗೆ ಮಾಡಿ.

ದುಬಾರಿ ಕಿಟ್ ಎಲ್ಲದಕ್ಕೂ ಬೇಕಿಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದ್ದರೆ ಶಿಕ್ಷಕರ ಫೋನೇ ಸೆನ್ಸರ್ ಆಗುತ್ತದೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಫೋನಿನ ವೇಗೋತ್ಕರ್ಷ (ವೇಗ ಬದಲಾಗುವ ದರ) ಸುಮಾರು 9.8 ಮೀ/ಸೆ² ಅಂತ ಬರುತ್ತದೆ, ದಪ್ಪ ಹಾಸಿಗೆ ಮೇಲೆ ಬೀಳಿಸಿದರೆ ಬೀಳುವಾಗ ಸೊನ್ನೆಯ ಹತ್ತಿರ. ಈ ಒಂದು ಒಗಟಿಗೆ ಇಡೀ ಪೀರಿಯಡ್ ಕೊಡಬಹುದು. ಹಾಗಂತ ಕೈಯಲ್ಲಿ ಗ್ರಾಫ್ ಹಾಕುವುದನ್ನು ಬಿಡಿಸಬಾರದು. ಒಂದೆರಡು ಸಲ ಗ್ರಾಫ್ ಹಾಳೆ ಮೇಲೆ ಚುಕ್ಕಿ ಇಟ್ಟ ಮಗುವಿಗೇ ಪರದೆಯ ಗೆರೆ ಅರ್ಥವಾಗುವುದು.

ನಾನು ಕೇಳುವುದು ಇಷ್ಟು. ಶಿಕ್ಷಕರು ಮೊದಲು ಮಕ್ಕಳ ಜಾಗದಲ್ಲಿ ಕೂತು ಪ್ರಯೋಗ ಮಾಡಲಿ, ಗೆರೆ ಕೆಡಲಿ, ಅವರೇ ಕಾರಣ ಹುಡುಕಲಿ. ಮೊದಲ ವರ್ಷ ಅನುಭವ ಇರುವ ಶಿಕ್ಷಕರೊಬ್ಬರು ಆಗಾಗ ನಮ್ಮ ತರಗತಿಗೇ ಬಂದು ಪಕ್ಕದಲ್ಲಿ ನಿಲ್ಲಲಿ, ತಪಾಸಣೆಗಲ್ಲ, ಸಹಾಯಕ್ಕೆ. ಪ್ರಯೋಗದ ದಿನ ಎರಡು ಪೀರಿಯಡ್ ಒಟ್ಟಿಗೆ ಸಿಗಲಿ. ಪರೀಕ್ಷೆಯಲ್ಲೂ ಏರುಪೇರಿರುವ ನಿಜವಾದ ಡೇಟಾ ಕೊಟ್ಟು ಪ್ರಶ್ನೆ ಕೇಳಲಿ. ಇಲ್ಲದಿದ್ದರೆ ಪರೀಕ್ಷೆ ಹತ್ತಿರ ಬಂದಾಗ ಇದನ್ನೆಲ್ಲ ಬದಿಗಿಡುವುದು ನಮಗೆ ಅನಿವಾರ್ಯವಾಗುತ್ತದೆ.

ಇದಕ್ಕೆಲ್ಲ ಹಣ ಸಾಲದಿದ್ದರೆ ಕಿಟ್‌ಗಳ ಸಂಖ್ಯೆ ಕಡಿಮೆ ಮಾಡಿ, ಪರವಾಗಿಲ್ಲ. ಒಂದು ಸೆಟ್ಟನ್ನು ಅಕ್ಕಪಕ್ಕದ ಶಾಲೆಗಳು ಹಂಚಿಕೊಳ್ಳಬಹುದು. ಮುಂದಿನ ಖರೀದಿಯ ಕರಡು ಸಿದ್ಧವಾದಾಗ, ಸಹಿಗೆ ಹೋಗುವ ಮೊದಲು, ತರಗತಿಯಲ್ಲಿ ಪಾಠ ಮಾಡುವ ಕೆಲವು ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗೂ ಅದನ್ನು ತೋರಿಸಿ, ಅವರ ಅಭಿಪ್ರಾಯ ಕೇಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ