ಪ್ರಾದಕ್ಕೆ ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ಓದುವುದು ಪರ್ಪಿನ್ಯಾ ವಿಶ್ವವಿದ್ಯಾಲಯದಲ್ಲಿ, ಮನೆ ಮಾತ್ರ ಪ್ರಾದದಲ್ಲಿ ಹಿಡಿದಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಒಳ್ಳೆಯದೇ ಆಯಿತು. ರೈಲಿದೆ, ಎದುರಿಗೇ ಕನಿಗೋ ಬೆಟ್ಟವಿದೆ. ಆ ಊರಲ್ಲಿ ಕೆಲವು ವರ್ಷ ಬಾಳಿದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಊರು ಫ್ರಾನ್ಸಿನದು. ಫ್ರೆಂಚ್ ಬಂದರೆ ಎಲ್ಲ ಕೆಲಸವೂ ನಡೆಯುತ್ತದೆ. ಆದರೂ ಆ ಸೀಮೆಯ ಹಳೆಯ ಮಾತಾದ ಕತಲಾನನ್ನೂ ಸ್ವಲ್ಪ ಕಲಿ. 1659ರ ಒಪ್ಪಂದದಲ್ಲಿ ಸ್ಪೇನಿನ ರಾಜ ಈ ಸೀಮೆಯನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ಗಡಿ ಸರಿಯಿತು, ಜನ ಇದ್ದಲ್ಲೇ ಇದ್ದರು, ಅವರ ಮಾತೂ ಉಳಿಯಿತು. 1700ರಲ್ಲಿ ಹದಿನಾಲ್ಕನೇ ಲೂಯಿ, ಸರ್ಕಾರಿ ಕಾಗದಪತ್ರಗಳಲ್ಲಿ ಕತಲಾನ್ ಕೂಡದು ಅಂತ ಆಜ್ಞೆ ಹೊರಡಿಸಿದ. ಮಿಕ್ಕಿದ್ದನ್ನು ಆಮೇಲೆ ಶಾಲೆಗಳು ಮಾಡಿದವು. ಪ್ರಾದದಿಂದ ಇನ್ನೂ ಮೇಲಕ್ಕೆ ಅಯ್ಗ್ವಾತೆಬಿಯಾ ಅನ್ನುವ ಹಳ್ಳಿಯಿದೆ. ಅಲ್ಲಿನ ಶಾಲೆಯ ಗೋಡೆಯ ಮೇಲೆ ‘ಫ್ರೆಂಚ್ ಮಾತಾಡಿ, ಶುಚಿಯಾಗಿರಿ’ ಅಂತ ಬರೆಸಿದ್ದರು. ಮಗುವಿನ ಮನೆಮಾತನ್ನು ಕೊಳೆಯ ಸಾಲಿಗೆ ಸೇರಿಸುವುದೇ? ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಗಾಗಿ ಅಲ್ಲಿನ ಅಜ್ಜ ಅಜ್ಜಿಯರು ನಿನ್ನ ಹತ್ತಿರ ತಾವಾಗಿ ಕತಲಾನ್ ಆಡುವುದಿಲ್ಲ. ಎಷ್ಟೋ ಜನ ತಮ್ಮ ಮಕ್ಕಳ ಜೊತೆಯೂ ಆಡಲಿಲ್ಲ. ನೀನು ಒತ್ತಾಯ ಮಾಡಬೇಡ, ಕೆದಕಿ ಕೇಳಬೇಡ. ಮಂಗಳವಾರದ ಸಂತೆಗೆ ಹೋಗು. ‘ಬೋನ್ ದಿಯಾ’ ಅನ್ನು, ತರಕಾರಿ ತಗೋ, ಅವಸರ ಮಾಡದೆ ಸುಮ್ನೆ ನಿಂತು ಕೇಳಿಸಿಕೋ. ಮುಖಪರಿಚಯವಾದ ಮೇಲೆ ಅವರೇ ಶುರು ಮಾಡುತ್ತಾರೆ. ಈಗ ಚಿಕ್ಕ ಮಕ್ಕಳಿಗೆ ಕತಲಾನಿನಲ್ಲೇ ಪಾಠ ಹೇಳುವ ‘ಬ್ರೆಸೋಲಾ’ ಶಾಲೆಗಳಿವೆ, 1976ರಲ್ಲಿ ಆರಂಭವಾದವು. ಪ್ರಾದದಲ್ಲೂ ಒಂದಿದೆ.

ಇನ್ನು ಪಾವ್ ಕಸಾಲ್ಸ್. ಚೆಲ್ಲೋ ವಾದ್ಯದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 1939ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸೈನ್ಯ ಗೆದ್ದಾಗ 4 ಲಕ್ಷಕ್ಕೂ ಹೆಚ್ಚು ಜನ ಬೆಟ್ಟ ದಾಟಿ ಫ್ರಾನ್ಸಿನ ಕಡೆ ಬಂದರು. ಅವರಲ್ಲಿ ಎಷ್ಟೋ ಜನರನ್ನು ಅರ್ಜೆಲೆರ್ಸ್ ಕಡಲತೀರದ ಮರಳಿನ ಮೇಲೆ, ಮುಳ್ಳುತಂತಿಯ ಒಳಗೆ ಕೂಡಿಹಾಕಿದರು. ತಾವೂ ದೇಶ ಬಿಟ್ಟು ಬಂದ ಕಸಾಲ್ಸ್ ಎಲ್ಲಿ ಬೇಕಾದರೂ ಸುಖವಾಗಿ ಇರಬಹುದಿತ್ತು. ಪ್ರಾದದಲ್ಲೇ ನೆಲೆನಿಂತು ಊರೂರಿಗೆ ಪತ್ರ ಬರೆದು, ಆ ಜನರಿಗಾಗಿ ಹಣ ಬಟ್ಟೆ ಕೂಡಿಸಿದರು. ಮಹಾಯುದ್ಧ ಮುಗಿದ ಮೇಲೂ ಗೆದ್ದ ದೇಶಗಳು ಫ್ರಾಂಕೋನನ್ನು ಹಾಗೇ ಬಿಟ್ಟಾಗ, ಕಸಾಲ್ಸ್ ಸಂಗೀತ ಕಛೇರಿ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಕೊನೆಗೆ 1950ರಲ್ಲಿ, ಸಂಗೀತ ರಚನೆಕಾರ ಬಾಖ್ ತೀರಿಕೊಂಡು 200 ವರ್ಷವಾದಾಗ, ಸಂಗೀತಗಾರರೇ ಅವರಿದ್ದಲ್ಲಿಗೆ ಬಂದರು. ಊರ ನಡುವಿನ ಸಂತ ಪೇತ್ರನ ಚರ್ಚಿನಲ್ಲಿ ಕಛೇರಿ ನಡೆಯಿತು. ಆ ಉತ್ಸವ ಇವತ್ತಿಗೂ ಪ್ರತಿ ಬೇಸಿಗೆ ನಡೆಯುತ್ತದೆ. ತಪ್ಪಿಸಿಕೊಳ್ಳಬೇಡ.

ಕತಲಾನ್ ವ್ಯಾಕರಣ, ನಿಘಂಟು ಮಾಡಿಕೊಟ್ಟ ಪೊಂಪೆವ್ ಫಾಬ್ರಾ ಅವರೂ ಹೀಗೇ ದೇಶ ಬಿಟ್ಟು ಬಂದು, 1948ರ ಕ್ರಿಸ್‌ಮಸ್ ದಿನ ಪ್ರಾದದಲ್ಲಿ ತೀರಿಕೊಂಡರು. ಸಮಾಧಿ ಅಲ್ಲೇ ಇದೆ. ಒಮ್ಮೆ ಹೋಗಿ ಬಾ. ಸಂತ ಮಿಕೆಲ್ ದೆ ಕುಯಿಶಾ ಮಠಕ್ಕಂತೂ ನಡೆದೇ ಹೋಗಬಹುದು. ಅದರ ಕಂಬಗಳಲ್ಲಿ ಎಷ್ಟೋ ನ್ಯೂಯಾರ್ಕಿನ ವಸ್ತುಸಂಗ್ರಹಾಲಯ ಸೇರಿವೆ. ಉಳಿದವನ್ನಾದರೂ ನೋಡು.

ಬೆಟ್ಟದ ವಿಷಯ. ಕನಿಗೋ 2,784 ಮೀಟರ್. ಮನೆಯಿಂದ ಹತ್ತಿರವೇ ಕಂಡರೂ ನಂಬಬೇಡ. ಮೇ ತಿಂಗಳಲ್ಲೂ ತುದಿಯಲ್ಲಿ ಹಿಮ ಇರಬಹುದು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ. ಕೊರ್ತಲೆಟ್ಸ್ ತಂಗುದಾಣದಲ್ಲಿ ರಾತ್ರಿ ಉಳಿದು ಬೆಳಗಿನ ಜಾವ ಹತ್ತು, ಒಂಟಿಯಾಗಿ ಬೇಡ. ಜೂನ್ 22ರ ರಾತ್ರಿ ಜನ ತುದಿಯಲ್ಲಿ ಬೆಂಕಿ ಹೊತ್ತಿಸಿ, ಮರುದಿನ ಸಂತ ಜೋನನ ಹಬ್ಬದ ಬೆಂಕಿಗಳಿಗೆ ಆ ಜ್ವಾಲೆಯನ್ನು ಊರೂರಿಗೆ ಒಯ್ಯುತ್ತಾರೆ. 1955ರಿಂದ ನಡೆದು ಬಂದಿದೆ. ಯಾರಾದರೂ ಕರೆದರೆ ಖಂಡಿತ ಹೋಗು. ದಪ್ಪ ಸ್ವೆಟರ್, ಟಾರ್ಚು ಇಟ್ಟುಕೋ. ಹೊರಡುವ ಮುಂಚೆ ಅಮ್ಮನಿಗೆ ಫೋನ್ ಮಾಡು, ಅವಳು ನಿದ್ದೆ ಮಾಡುವುದಿಲ್ಲ.

ನಿನ್ನ ದೊಡ್ಡಮ್ಮ